ರಂಗೋಲಿಯ ಕೆಳಗೆ ನುಸುಳಿದ ಕಾರು

ರಜೆಯ ದಿನವೆಂದು ಬೆಳಿಗ್ಗೆಯಿಂದ ಲೋರೈಡರ್, ಅಂದರೆ ನೆಲಕ್ಕೆ ಹತ್ತಿರವಾಗುವಂತೆ ತಗ್ಗಿಸಿದ ಕಾರುಗಳ ವಿಡಿಯೊಗಳನ್ನೇ ನೋಡುತ್ತಿದ್ದೇನೆ. ಎರಡನೆಯ ಮಹಾಯುದ್ಧದ ನಂತರ ಲಾಸ್ ಏಂಜಲೀಸಿನ ಮೆಕ್ಸಿಕನ್ ಮೂಲದ ಯುವಕರು ಹಳೆಯ ಷೆವರ್ಲೆಗಳ ಡಿಕ್ಕಿಯಲ್ಲಿ ಮರಳಿನ ಮೂಟೆ ಹೇರಿಯೋ, ಸ್ಪ್ರಿಂಗಿನ ಸುರುಳಿ ಕತ್ತರಿಸಿಯೋ ಕಾರನ್ನು ತಗ್ಗಿಸಿ, ನಾಲ್ಕು ಜನ ನೋಡಲೆಂದೇ ನಿಧಾನವಾಗಿ ಓಡಿಸುತ್ತಿದ್ದರು. ಕಾರಿನ ಯಾವ ಭಾಗವೂ ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ಕೆಳಗಿಳಿಯಕೂಡದೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 1958ರಲ್ಲಿ ಜಾರಿಗೆ ಬಂದಾಗ, ರಾನ್ ಅಗಿರ್ರೆ ಎಂಬಾತ ಮರುವರ್ಷವೇ ವಿಮಾನಗಳಿಂದ ಕಳಚಿದ ಹೈಡ್ರಾಲಿಕ್ ಪಂಪುಗಳನ್ನು ತನ್ನ ಕಾರ್ವೆಟ್‌ಗೆ ಜೋಡಿಸಿದ. ಪೊಲೀಸರು ಕಂಡರೆ ಕಾರನ್ನು ಏರಿಸುವುದು, ಅವರು ಮರೆಯಾದರೆ ಇಳಿಸುವುದು! ಸರ್ಕಾರ ಚಾಪೆಯ ಕೆಳಗೆ ನುಸುಳಿದರೆ ಈತ ರಂಗೋಲಿಯ ಕೆಳಗೇ ನುಸುಳಿದ.

ಈ ಹೈಡ್ರಾಲಿಕ್ ಏರ್ಪಾಡಿನ ಕೆಲಸ ಸರಳ. ಡಿಕ್ಕಿಯಲ್ಲಿ ಸಾಲಾಗಿಟ್ಟ ಬ್ಯಾಟರಿಗಳು ಪಂಪನ್ನು ತಿರುಗಿಸಿದಾಗ ಎಣ್ಣೆ ಸಿಲಿಂಡರಿಗೆ ನುಗ್ಗಿ ಕಾರನ್ನು ಎತ್ತುತ್ತದೆ. ಸ್ವಿಚ್ಚನ್ನು ಇನ್ನೊಂದು ಬದಿಗೆ ಒತ್ತಿದರೆ ಕವಾಟ ತೆರೆದು, ಕಾರಿನ ಭಾರವೇ ಆ ಎಣ್ಣೆಯನ್ನು ಟ್ಯಾಂಕಿಗೆ ಮರಳಿಸುತ್ತದೆ. ಗಾಳಿಯಂತೆ ಎಣ್ಣೆ ಕುಗ್ಗುವುದಿಲ್ಲವಾದ್ದರಿಂದ, ಗಾಳಿ ತುಂಬಿದ ಚೀಲಗಳು ಕಾರಿನ ಭಾರ ಹೊರುವ ಏರ್ ಸಸ್ಪೆನ್ಷನ್‌ಗೆ ಹೋಲಿಸಿದರೆ ಪ್ರಯಾಣ ಒರಟೇ. ಕಾರನ್ನು ಕುಪ್ಪಳಿಸುವಂತೆ ಮಾಡುವ ಸ್ಪರ್ಧೆಗಳು ನನಗೇನೋ ರುಚಿಸಲಿಲ್ಲ. ಗುಲಾಬಿ ಹೂಗಳ ಚಿತ್ತಾರ ತುಂಬಿದ, ‘ಜಿಪ್ಸಿ ರೋಸ್’ ಎಂಬ 1964ರ ಷೆವರ್ಲೆ ಇಂಪಾಲಾ ಕಾರನ್ನು ಮಾತ್ರ ಮತ್ತೆ ಮತ್ತೆ ನೋಡಿದೆ. ಅಮೆರಿಕದ ಐತಿಹಾಸಿಕ ವಾಹನಗಳ ದಾಖಲೆಯಲ್ಲಿ ಅದಕ್ಕೆ 2017ರಲ್ಲೇ ಜಾಗ ಸಿಕ್ಕಿತ್ತು. ಆದರೆ ತಗ್ಗಿಸಿದ ಕಾರುಗಳ ಮೇಲಿನ ಆ ಹಳೆಯ ನಿರ್ಬಂಧವನ್ನು ಕ್ಯಾಲಿಫೋರ್ನಿಯಾ ತೆಗೆದುಹಾಕಿದ್ದು 2024ರ ಜನವರಿ 1ರಿಂದ.