ನ್ಯಾರೋಬೋಟ್ ಸಾಗಿಸುವ ಮುನ್ನ ಅದನ್ನು ನೀರಿನಲ್ಲೇ ತೂಗಿ

“ದೋಣಿ ಎಷ್ಟು ಟನ್ ಇದೆ?” ಕ್ರೇನ್‌ನವರು ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆಯೇ ಇದು. ಗೆಳೆಯ ನನ್ನ ಮುಖ ನೋಡಿದ. ದೋಣಿ ಅವನದು, ಬ್ರಿಟನ್ನಿನ ಕಾಲುವೆಗಳಿಗೆಂದೇ ಉಕ್ಕಿನಲ್ಲಿ ಕಟ್ಟಿದ ಉದ್ದನೆಯ, ಕಿರಿದಾದ ನ್ಯಾರೋಬೋಟ್. ನಾನು ಎರಡು ದಿನ ಲಾಕ್ (ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಕಟ್ಟೆ) ಬಾಗಿಲು ತಳ್ಳಲು ಬಂದವನು. ಮಾರಿದವರು ಹೇಳಿದ್ದನ್ನೇ ನೆಚ್ಚಿಕೊಂಡು “ಹತ್ತು ಟನ್” ಎಂದುಬಿಟ್ಟ. “45 ಅಡಿ ದೋಣಿಯೇ? ಸರಿಯಾಗಿ ನೋಡಿ ಮತ್ತೆ ಫೋನ್ ಮಾಡಿ” ಎಂಬ ಉತ್ತರ ಬಂತು. ಹಾಗೆ ಹೇಳಿದ ಆ ಪುಣ್ಯಾತ್ಮನಿಗೆ ನಾವು ಇನ್ನೂ ಋಣಿಗಳು.

ಮಿಲ್ಟನ್ ಕೀನ್ಸ್ ಪಕ್ಕದ ಕಾಸ್‌ಗ್ರೋವ್‌ನಲ್ಲಿ ಕೊಂಡ ದೋಣಿಯನ್ನು ವೇಲ್ಸ್‌ನ ಮಾನ್‌ಮತ್‌ಶೈರ್–ಬ್ರೆಕನ್ ಕಾಲುವೆಗೆ ಒಯ್ಯಬೇಕಿತ್ತು. ಅಷ್ಟು ಚೆಲುವಾದ ಕಾಲುವೆ ಬ್ರಿಟನ್‌ನಲ್ಲಿ ಇನ್ನೊಂದನ್ನು ನಾನು ನೋಡಿಲ್ಲ. ತೊಂದರೆಯೆಂದರೆ, ಅದು ಬೇರೆ ಯಾವ ಕಾಲುವೆಗೂ ಕೂಡಿಕೊಳ್ಳುವುದಿಲ್ಲ. ಎಷ್ಟೇ ದಿನ ತೇಲಿದರೂ ಅಲ್ಲಿಗೆ ತಲುಪಲಾಗದು. ಕ್ರೇನ್‌ನಿಂದ ಎತ್ತಿ ಲಾರಿಯ ಮೇಲೆ ಕೂರಿಸಲೇಬೇಕು. ಕ್ರೇನ್ ಬಂದು ನಿಲ್ಲಬಹುದಾದ ಜಾಗ ಬ್ಲಿಸ್‌ವರ್ತ್ ಸುರಂಗದ ಆಚೆಗಿತ್ತು. ಹಾಗಾಗಿ ಮೊದಲು ಗ್ರ್ಯಾಂಡ್ ಯೂನಿಯನ್ ಕಾಲುವೆಯಲ್ಲಿ ಎರಡು ದಿನದ ಪಯಣ.

ತೂಕ ಅಂದಾಜು ಮಾಡಲು ಎಲ್ಲರ ಬಾಯಲ್ಲೂ ಇರುವ ಲೆಕ್ಕ ಒಂದಿದೆ: ಮೂರು ಅಡಿ ಉದ್ದಕ್ಕೆ ಒಂದು ಟನ್. ಅದರ ಪ್ರಕಾರ ನಮ್ಮದು ಹದಿನೈದು ಟನ್. ಗೆಳೆಯನಿಗೆ ಅದು ಒಪ್ಪಿಗೆಯಾಗಲಿಲ್ಲ. ತಳಕ್ಕೆ 10 ಮಿ.ಮೀ. ಉಕ್ಕು, ಪಕ್ಕಕ್ಕೆ 6, ಕ್ಯಾಬಿನ್ನಿಗೆ 4 ಎಂದು ತಗಡಿನ ತೂಕ ಕೂಡಿಸಿ, ಎಂಜಿನ್ನು, ಒಲೆ, ಮಂಚ, ಕೊನೆಗೆ ಇಡ್ಲಿ ಪಾತ್ರೆಯನ್ನೂ ಸೇರಿಸಿ ಎಂಟು ಟನ್ ಎಂದ. ಮರೆತದ್ದು ನೆಲಹಲಗೆಯ ಕೆಳಗಿನದನ್ನು. ದೋಣಿ ಓಲಾಡದಿರಲಿ ಎಂದು ಅಲ್ಲಿ ಕಲ್ಲುಚಪ್ಪಡಿ, ಇಟ್ಟಿಗೆಗಳನ್ನು ತುಂಬಿರುತ್ತಾರೆ. ಹಲಗೆಯೊಂದನ್ನು ಎತ್ತಿ ನೋಡಿದರೆ ಒಂದರ ಮೇಲೊಂದು ಚಪ್ಪಡಿ! ಅವು ಟನ್‌ಗಟ್ಟಲೆ ತೂಗುತ್ತವೆ. ಎಂಟು, ಹತ್ತು, ಹದಿನೈದು: ಮೂರು ಉತ್ತರಗಳನ್ನು ಹಿಡಿದುಕೊಂಡು ಹೊರಟೆವು.

ದಾರಿಯಲ್ಲಿ ಸ್ಟೋಕ್ ಬ್ರೂಯೆರ್ನ್‌ನ ಏಳು ಲಾಕ್‌ಗಳನ್ನು ಹತ್ತಬೇಕು. ಮೇಲೆ ತಲುಪಿದ ಮೇಲೆ ಅಲ್ಲಿ ಒಂದು ಗಂಟೆಯಾದರೂ ನಿಲ್ಲಿ. ಹಳೆಯ ಲಾಕ್ ಒಂದರೊಳಗೆ ದೋಣಿ ತೂಗುವ ಯಂತ್ರವನ್ನು ನಿಲ್ಲಿಸಿದ್ದಾರೆ. 1830ರ ದಶಕದ್ದು, ಕಾರ್ಡಿಫ್ ಕಡೆಯ ಗ್ಲಾಮೋರ್ಗನ್‌ಶೈರ್ ಕಾಲುವೆಯಿಂದ ತಂದದ್ದು. ದೋಣಿಯನ್ನು ತೊಟ್ಟಿಲಿನ ಮೇಲೆ ತೇಲಿಸಿ, ಕೆಳಗಿನ ನೀರನ್ನು ಬಸಿದು, ತಕ್ಕಡಿಯಲ್ಲಿ ಬೆಲ್ಲ ತೂಗಿದಂತೆ ತೂಗುತ್ತಿದ್ದರು. ವೇಲ್ಸ್‌ನಿಂದ ಬಂದ ತಕ್ಕಡಿಯ ಮುಂದೆ ವೇಲ್ಸ್‌ಗೆ ಹೊರಟ ದೋಣಿ!

ಇಂಥ ಯಂತ್ರಗಳು ಇದ್ದದ್ದು ಬೆರಳೆಣಿಕೆಯಷ್ಟು. ಉಳಿದ ಕಡೆ ಸುಂಕದ ಗುಮಾಸ್ತರು ಕೋಲು ಹಿಡಿದು, ದೋಣಿಯ ಅಂಚು ನೀರಿನಿಂದ ಎಷ್ಟು ಅಂಗುಲ ಮೇಲಿದೆ ಎಂದು ನಾಲ್ಕು ಕಡೆ ಅಳೆದು, ಸರಾಸರಿ ತೆಗೆದು, ಆ ದೋಣಿಯ ಕೋಷ್ಟಕದಲ್ಲಿ ಸರಕಿನ ತೂಕ ಓದುತ್ತಿದ್ದರು. ಈ ಉಳಿದ ಎತ್ತರಕ್ಕೆ ‘ಒಣ ಅಂಗುಲ’ ಎಂದೇ ಹೆಸರು. ಹಂಪಿಯ ಹರಿಗೋಲಿನವನು ಅಂಚಿನತ್ತ ಕಣ್ಣು ಹಾಯಿಸಿ “ಇನ್ನೊಬ್ಬರು ಬೇಡ” ಅನ್ನುತ್ತಾನಲ್ಲ, ಅದೇ ವಿದ್ಯೆ. ಅವನಿಗೆ ಕೋಷ್ಟಕ ಬೇಕಿಲ್ಲ, ಅಷ್ಟೆ.

ನಮಗೆ ಒಟ್ಟು ತೂಕ ಬೇಕಿತ್ತು. ಹಾಗಾಗಿ ಒಣಗಿದ್ದನ್ನು ಬಿಟ್ಟು ಮುಳುಗಿದ್ದನ್ನು ಅಳೆದೆವು. ಉದ್ದನೆಯ ರಿಪೀಸ್ ಪಟ್ಟಿಯ ತುದಿಗೆ ಕಪಾಟಿನ ಎಲ್ ಆಕಾರದ ಕಬ್ಬಿಣ ಬಿಗಿದು, ಅದನ್ನು ನೀರಿಗಿಳಿಸಿ, ತಳದ ಅಡಿಗೆ ತಾಗುವಂತೆ ಮೇಲಕ್ಕೆಳೆದು, ನೀರಿನ ಮಟ್ಟಕ್ಕೆ ಪೆನ್ಸಿಲ್ ಗೀಟು ಹಾಕಿದೆವು. ಮುಂದೆ 44 ಸೆಂ.ಮೀ., ನಡುವೆ 52, ಹಿಂದೆ 60. ಎಂಜಿನ್ನು ಹಿಂಬದಿಯಲ್ಲಿರುವುದರಿಂದ ಈ ವ್ಯತ್ಯಾಸ. ಎರಡೂ ಪಕ್ಕ ಅಳೆಯಿರಿ, ದೋಣಿ ಒಂದು ಕಡೆ ವಾಲಿರುವುದು ಸಾಮಾನ್ಯ. ಹಗ್ಗ ಸಡಿಲವಾಗಿರಲಿ, ಬೇರೆ ದೋಣಿ ಹಾದುಹೋದರೆ ನೀರು ಶಾಂತವಾಗುವವರೆಗೆ ಕಾಯಿರಿ.

45 ಅಡಿಯೆಂದರೆ 13.7 ಮೀಟರ್, ಅಗಲ 2.08. ಇದನ್ನು ಪೆಟ್ಟಿಗೆಯೆಂದು ತಿಳಿದು 52 ಸೆಂ.ಮೀ.ಯಿಂದ ಗುಣಿಸಿದರೆ 14.8 ಘನ ಮೀಟರ್. ಸಿಹಿನೀರು ಘನ ಮೀಟರ್‌ಗೆ ಒಂದು ಟನ್ ಆದ್ದರಿಂದ 14.8 ಟನ್. ಆದರೆ ನೀರಿನಡಿ ದೋಣಿಯ ಎರಡು ತುದಿಗಳೂ ಚೂಪಾಗುತ್ತವೆ. ನೇರವಾಗಿದ್ದ 8.9 ಮೀಟರ್ ಭಾಗ 9.6 ಟನ್ ಕೊಟ್ಟಿತು. ಹಿಂದಿನ 2.6 ಮೀಟರ್ ಹಾಗೂ ಮುಂದಿನ 1.6 ಮೀಟರ್ ಚೂಪನ್ನು ಅರ್ಧಕ್ಕೆ ಹಿಡಿದಾಗ 1.6 ಮತ್ತು 0.7. ಉಳಿದದ್ದು ನೀರಿನ ಮೇಲೆ ಚಾಚಿಕೊಂಡ ತುದಿಗಳು, ಲೆಕ್ಕಕ್ಕಿಲ್ಲ. ಒಟ್ಟು 11.9, ಅಂದರೆ ಹೆಚ್ಚುಕಡಿಮೆ ಹನ್ನೆರಡು ಟನ್ ಬಂತು. ಚೂಪು ಹೊರಗೆ ಉಬ್ಬಿರುವುದರಿಂದ ಅರ್ಧವೆನ್ನುವುದು ಕಡಿಮೆಯೇ. ಹೀಗಾಗಿ ಕ್ರೇನ್‌ನವರಿಗೆ “ಹದಿಮೂರೂವರೆ ಎಂದು ತಿಳಿಯಿರಿ” ಎಂದೆವು.

ಗೀಟಿನಲ್ಲಿ ಎರಡು ಸೆಂಟಿಮೀಟರ್ ತಪ್ಪಿದರೆ ಲೆಕ್ಕದಲ್ಲಿ ಸುಮಾರು ಅರ್ಧ ಟನ್ ತಪ್ಪುತ್ತದೆ, ಎಚ್ಚರ. ನಾವು ಅಳೆದದ್ದು ಮುಂಭಾಗದ ನೀರಿನ ಟ್ಯಾಂಕ್ ಖಾಲಿಯಿದ್ದಾಗ. ಸಂಜೆ 400 ಲೀಟರ್ ತುಂಬಿಸಿ ಮತ್ತೆ ಕೋಲು ಹಾಕಿದರೆ ಮೂತಿ ಆರು ಸೆಂ.ಮೀ. ಇಳಿದಿತ್ತು! ಎತ್ತುವ ದಿನ ಆ ಟ್ಯಾಂಕನ್ನೂ ಶೌಚದ ಟ್ಯಾಂಕನ್ನೂ ಖಾಲಿ ಮಾಡಿಸಿ. ಅರೆತುಂಬಿದ ಟ್ಯಾಂಕಿನ ನೀರು ಗಾಳಿಯಲ್ಲಿ ತೂಗುವಾಗ ಅತ್ತಿತ್ತ ಹರಿಯುತ್ತದೆ.

ಬ್ಲಿಸ್‌ವರ್ತ್ ಸುರಂಗ ದಾಟಲು ಮುಕ್ಕಾಲು ಗಂಟೆ ಬೇಕು. 2.8 ಕಿ.ಮೀ. ಕತ್ತಲು, ಮೇಲಿಂದ ತೊಟ್ಟಿಕ್ಕುವ ನೀರು. ಮಳೆ ಅಂಗಿ, ಟಾರ್ಚು ಕೈಗೆ ಸಿಗುವಂತಿರಲಿ.

ಕ್ರೇನ್ ಬಗ್ಗೆ ಇನ್ನೊಂದು ಮಾತು. 50 ಟನ್ ಕ್ರೇನ್ ಎಂದರೆ ಎಲ್ಲಿಂದಲಾದರೂ 50 ಟನ್ ಎತ್ತುವುದಿಲ್ಲ. ತೋಳು ಚಾಚಿದಷ್ಟೂ ಅದರ ಶಕ್ತಿ ಕುಗ್ಗುತ್ತದೆ. ಆದ್ದರಿಂದ ತೂಕದ ಜೊತೆ ಕ್ರೇನ್ ನಿಲ್ಲುವಲ್ಲಿಂದ ದೋಣಿಗಿರುವ ದೂರವನ್ನೂ ಹೇಳಬೇಕು. ಹತ್ತು ಟನ್ನೆಂದು ನಂಬಿ ಚಿಕ್ಕ ಕ್ರೇನ್ ಕರೆಸಿದ್ದರೆ ಅದು ಎತ್ತಲಾರದೆ ಹಿಂತಿರುಗುತ್ತಿತ್ತು, ಬಾಡಿಗೆ ಮಾತ್ರ ಬೀಳುತ್ತಿತ್ತು. ದೋಣಿಯನ್ನು ಎತ್ತುವ ಪಟ್ಟಿಗಳನ್ನು ಭಾರ ಹೆಚ್ಚಿರುವ ಹಿಂಬದಿಗೆ ಸರಿಸಿ ಕಟ್ಟಿದರು. ದೋಣಿ ನೀರು ಬಿಟ್ಟೆದ್ದ ಕ್ಷಣ ಗೆಳೆಯನ ಹೆಂಡತಿ ಕಣ್ಣು ಮುಚ್ಚಿಕೊಂಡಿದ್ದಳು. ನಾವಿಬ್ಬರೂ ಕ್ರೇನ್ ಚಾಲಕನ ಪರದೆ ನೋಡುತ್ತಿದ್ದೆವು: ಪಟ್ಟಿ, ಅವನ್ನು ತೂಗುಹಾಕಿದ ತೊಲೆ ಎಲ್ಲ ಸೇರಿ 12.6 ಟನ್.

ಮರುದಿನ ಅಬರ್ಗವೆನಿ ಬಳಿ ಮತ್ತೆ ನೀರಿಗಿಳಿಸಿದರು. ಅಲ್ಲಿಂದ ಮುಂದೆ ಆರಾಮ: ಬ್ರೆಕನ್ ಕಾಲುವೆಯ 35 ಮೈಲಿಗೆ ಇರುವುದು ಆರೇ ಲಾಕ್. ಆದರೆ ನೀರು ಆಳವಿಲ್ಲ, ತಿರುವುಗಳಲ್ಲಿ ತಳ ಕೆಸರಿಗೆ ಉಜ್ಜುತ್ತದೆ. ಪೆನ್ಸಿಲ್ ಗೀಟುಗಳಿದ್ದ ಆ ಕೋಲನ್ನು ಗೆಳೆಯ ಈಗಲೂ ಚುಕ್ಕಾಣಿಯ ಪಕ್ಕದಲ್ಲೇ ಇಟ್ಟಿದ್ದಾನೆ. ನೆಂಟರು ಬಂದಾಗ ದೋಣಿ ಎಷ್ಟು ಇಳಿಯಿತು ಎಂದು ನೋಡುತ್ತಾನಂತೆ, ಅವರಿಗೆ ಕಾಣದಂತೆ.