ಒಂದು ಹಾಡಿನ ಬೆನ್ನು ಹತ್ತಿ ವಿಯೆನ್ನಾಗೆ

ವಿಯೆನ್ನಾಗೆ ಹೋಗುವವರೆಲ್ಲ ಮೇ ತಿಂಗಳು ಚೆನ್ನ ಅಂತಾರೆ. ಹೂವು, ಬಿಸಿಲು, ರಸ್ತೆ ಬದಿಯಲ್ಲಿ ಕುರ್ಚಿ ಹಾಕಿದ ಕೆಫೆಗಳು. ನಾನು ಬೇಕಂತಲೇ ಜನವರಿ ಆರಿಸಿಕೊಂಡೆ. ನನ್ನನ್ನು ಆ ಊರಿಗೆ ಎಳೆದ ಹಾಡು ಚಳಿಗಾಲದ ಹಾಡು. ಅದು ಸಿಂಗಲ್ ಆಗಿ, ಅಂದರೆ ಆಲ್ಬಮ್‌ನಿಂದ ಬೇರೆಯಾಗಿ ಒಂಟಿ ಹಾಡಿನ ರೆಕಾರ್ಡ್ ಆಗಿ, ಹೊರಬಂದದ್ದೂ ಜನವರಿಯಲ್ಲೇ, 1981ರಲ್ಲಿ. ಹಾಡಿನ ಹೆಸರೂ ‘ವಿಯೆನ್ನಾ’. ಹಾಡಿದ್ದು ಅಲ್ಟ್ರಾವಾಕ್ಸ್ ಅನ್ನುವ ಬ್ರಿಟಿಷ್ ನ್ಯೂ ವೇವ್ ತಂಡ.

ಮ್ಯೂನಿಕ್‌ನಿಂದ ರೈಲು ಹಿಡಿದರೆ ನಾಲ್ಕು ಗಂಟೆಯ ದಾರಿ. ಸಾಲ್ಜ್‌ಬರ್ಗ್ ಬರುವವರೆಗೆ ಬಲಗಡೆ ಆಲ್ಪ್ಸ್ ಬೆಟ್ಟಗಳು ಜೊತೆಗೇ ಬರುತ್ತವೆ. ಆಮೇಲೆ ಹಿಮ ಬಿದ್ದ ಹೊಲಗಳು, ಚೂಪು ಗೋಪುರದ ಚರ್ಚುಗಳು, ಎಲೆ ಉದುರಿದ ಮರಗಳು. ಇಯರ್‌ಫೋನ್ ಹಾಕಿಕೊಂಡು ಆ ಇಡೀ ಆಲ್ಬಮ್ ಕೇಳುತ್ತಾ ಹೋದೆ.

ಈ ತಂಡದ ಕಥೆ ಸ್ವಲ್ಪ ಹೇಳಲೇಬೇಕು. ಇಲ್ಲದಿದ್ದರೆ ಈ ಹಾಡು ಎಂಥ ಇಕ್ಕಟ್ಟಿನಿಂದ ಹುಟ್ಟಿತು ಅಂತ ಗೊತ್ತಾಗುವುದಿಲ್ಲ. 1979ರ ಹೊತ್ತಿಗೆ ಅಲ್ಟ್ರಾವಾಕ್ಸ್ ಮುಗಿದೇ ಹೋಯಿತು ಅನ್ನುವ ಸ್ಥಿತಿ. ಮೂರು ಆಲ್ಬಮ್ ಮಾಡಿದ್ದರು, ಯಾವುದೂ ಓಡಿರಲಿಲ್ಲ. ರೆಕಾರ್ಡ್ ಕಂಪನಿ ಐಲ್ಯಾಂಡ್ ಕೈಬಿಟ್ಟಿತ್ತು. ಗಾಯಕ ಜಾನ್ ಫಾಕ್ಸ್ ತಮ್ಮ ದಾರಿ ನೋಡಿಕೊಂಡಿದ್ದರು. ಉಳಿದವರು ಕೀಬೋರ್ಡ್ ಮತ್ತು ವಯೋಲ (ಪಿಟೀಲಿಗಿಂತ ಸ್ವಲ್ಪ ದೊಡ್ಡ ವಾದ್ಯ) ನುಡಿಸುವ ಬಿಲ್ಲಿ ಕರ್ರಿ, ಬೇಸ್‌ನ ಕ್ರಿಸ್ ಕ್ರಾಸ್, ಡ್ರಮ್ಸ್‌ನ ವಾರನ್ ಕ್ಯಾನ್. ಆಗ ಬಂದು ಸೇರಿದವರು ಗ್ಲಾಸ್ಗೋ ಕಡೆಯ ಮಿಡ್ಜ್ ಯೂರ್. ಪಂಕ್ ಸಂಗೀತದ ಸಿಟ್ಟು ಅಷ್ಟು ಹೊತ್ತಿಗೆ ತಣ್ಣಗಾಗಿತ್ತು. ಸಿಂಥಸೈಜರ್ ಅನ್ನುವ ಎಲೆಕ್ಟ್ರಾನಿಕ್ ವಾದ್ಯ ಹಿಡಿದ ಹುಡುಗರು ಬೇರೆ ಏನೋ ಹುಡುಕುತ್ತಿದ್ದರು. ಆ ಹುಡುಕಾಟಕ್ಕೇ ನ್ಯೂ ವೇವ್ ಅಂತ ಹೆಸರು ಬಿತ್ತು.

ಹೊಸ ತಂಡ 1980ರಲ್ಲಿ ‘ವಿಯೆನ್ನಾ’ ಆಲ್ಬಮ್ ಮಾಡಿತು. ರೆಕಾರ್ಡಿಂಗ್ ಆದದ್ದು ಲಂಡನ್ನಿನಲ್ಲಿ. ಮಿಕ್ಸಿಂಗ್ ಆದದ್ದು ಜರ್ಮನಿಯ ಕಲೋನ್ ಹತ್ತಿರ, ನಿರ್ಮಾಪಕ ಕಾನಿ ಪ್ಲಾಂಕ್ ತೋಟದ ಮನೆಯೊಂದರಲ್ಲಿ ಕಟ್ಟಿಕೊಂಡಿದ್ದ ಸ್ಟುಡಿಯೋದಲ್ಲಿ. ಅಂದರೆ ವಿಯೆನ್ನಾ ಹೆಸರಿನ ಹಾಡಿನಲ್ಲಿ ವಿಯೆನ್ನಾದಲ್ಲಿ ಹಿಡಿದ ಒಂದು ಸ್ವರವೂ ಇಲ್ಲ. ಹಾಗಿದ್ದರೂ ಆ ಊರಿಗೂ ಈ ಹಾಡಿಗೂ ಏನೋ ನಂಟಿದೆ ಅಂತ ನನಗೆ ಮೊದಲಿನಿಂದಲೂ ಅನ್ನಿಸುತ್ತಿತ್ತು. ಅದನ್ನು ಅಲ್ಲೇ ನಿಂತು ಕೇಳಿ ನೋಡಬೇಕು ಅನ್ನುವುದೇ ಈ ಪ್ರವಾಸದ ಆಸೆ.

ಕಾರ್ಲ್ಸ್‌ಪ್ಲಾಟ್ಸ್ ಹತ್ತಿರ ರೂಮು ಸಿಕ್ಕಿತು. ಎದುರಿಗೇ ಕಾರ್ಲ್ಸ್‌ಕಿರ್ಖೆ ಚರ್ಚು. 1713ರಲ್ಲಿ ಪ್ಲೇಗ್ ಬಂದಾಗ ಚಕ್ರವರ್ತಿ ಆರನೇ ಚಾರ್ಲ್ಸ್ ಹೊತ್ತ ಹರಕೆ ಅದು. ಹಸಿರು ಗುಮ್ಮಟ, ಎರಡು ಕಡೆ ಎರಡು ದೊಡ್ಡ ಕಂಬಗಳು. ಪಕ್ಕದ ಪಾರ್ಕಿನಲ್ಲಿ ಸಂಗೀತಗಾರ ಬ್ರಾಮ್ಸ್ ಪ್ರತಿಮೆ. ಅವನು ಸಾಯುವವರೆಗೆ ಇದ್ದ ಮನೆಯೂ ಇಲ್ಲೇ ಹಿಂದಿನ ಬೀದಿಯಲ್ಲಿತ್ತು. ಬ್ರಾಮ್ಸ್ ಕೊನೆಗಾಲದಲ್ಲಿ, 1894ರಲ್ಲಿ, ಎರಡು ಸೊನಾಟ ಬರೆದ. ಅವನ್ನು ಕ್ಲಾರಿನೆಟ್ ಬದಲು ವಯೋಲದಲ್ಲೂ ನುಡಿಸಬಹುದು. ವಯೋಲದ ಆ ತಗ್ಗಿದ, ಸ್ವಲ್ಪ ಒರಟಾದ ದನಿ ಪಿಯಾನೋ ಜೊತೆ ಸೇರಿದರೆ ಹೇಗಿರುತ್ತದೆ ಅಂತ ತಿಳಿಯಬೇಕಾದರೆ ಅವನ್ನೇ ಕೇಳಬೇಕು. ಈ ಮಾತು ಯಾಕೆ ಬಂತು ಅಂದರೆ, ಅಲ್ಟ್ರಾವಾಕ್ಸ್ ಹಾಡಿನ ನಡುವೆ ಇದ್ದಕ್ಕಿದ್ದಂತೆ ಎದ್ದು ಬರುವುದೂ ಅದೇ ಜೋಡಿ.

ಸಂಜೆ ಐದಕ್ಕೆಲ್ಲ ಕತ್ತಲಾಯಿತು. ಮೈ ಕೊರೆಯುವ ಚಳಿ. ಒಪೆರಾ ಕಟ್ಟಡದ ಮುಂದಿನಿಂದ ರಿಂಗ್ ರಸ್ತೆಯ ಉದ್ದಕ್ಕೂ ನಡೆಯುತ್ತಾ ಹಾಡು ಹಾಕಿಕೊಂಡೆ.

ಮೊದಲು ಬರುವುದು ಡ್ರಮ್ ಮೆಷಿನ್. ಬರೀ ತಾಳ. ಒಂದು ಪೆಟ್ಟು, ಆಮೇಲೆ ಖಾಲಿ, ಮತ್ತೆ ಪೆಟ್ಟು. ಆ ಖಾಲಿಯನ್ನು ತುಂಬುವ ಆತುರ ಯಾರಿಗೂ ಇಲ್ಲ. ಅದರ ಕೆಳಗೆ ಸಿಂಥಸೈಜರ್‌ನ ಒಂದು ದಪ್ಪ ದನಿ. ಮಿಡ್ಜ್ ಯೂರ್ ಮೆಲ್ಲಗೆ ಹಾಡಲು ಶುರು ಮಾಡುತ್ತಾರೆ. ಪಿಯಾನೋ ಅಲ್ಲಲ್ಲಿ ಹನಿಯುತ್ತದೆ. ಹಾಡು ಕೇಳಿದಾಗ ಕಾನಿ ಪ್ಲಾಂಕ್ ಕಣ್ಣ ಮುಂದೆ ಒಂದು ಚಿತ್ರ ಬಂದಿತ್ತಂತೆ. ಖಾಲಿ ಹಾಲ್, ಅಲ್ಲೊಬ್ಬ ಮುದುಕ, ವರ್ಷಾನುಗಟ್ಟಲೆ ಅದದೇ ರಾಗ ನುಡಿಸಿ ದಣಿದಿದ್ದಾನೆ. ಆ ದಣಿವನ್ನು ಅವರು ಪಿಯಾನೋದ ದನಿಯೊಳಗೇ ಕೂರಿಸಿದರು. ಆಮೇಲೆ ದನಿ ಏರುತ್ತದೆ. ಇದು ನನಗೆ ಏನೂ ಅಲ್ಲ ಅಂತ ಯೂರ್ ಊರಿನ ಹೆಸರು ಹಿಡಿದು ಕೂಗುತ್ತಾರೆ. ಗಂಟಲು ತುಂಬಿ ಬಂದಿರುತ್ತದೆ.

ಬಾಯಿ ಒಂದು ಹೇಳುತ್ತದೆ, ಸಂಗೀತ ಇನ್ನೊಂದು ಹೇಳುತ್ತದೆ. ನನಗೆ ಈ ಹಾಡು ಇಷ್ಟು ಹತ್ತಿರವಾಗಿರುವುದು ಅದಕ್ಕೇ. ರಜೆಯಲ್ಲಿ ಯಾವುದೋ ಊರಿಗೆ ಹೋದಾಗ ಹುಟ್ಟಿ, ವಾಪಸ್ ಬಂದ ಮೇಲೆ ಮಸುಕಾಗುವ ಪ್ರೀತಿಯ ಹಾಡು ಇದು ಅಂತ ಯೂರ್ ಸ್ವತಃ ಹೇಳಿದ್ದಾರೆ. ಮಸುಕಾಗಿದೆ ಅಂತ ಮಾತು ಹೇಳುತ್ತಿರುವಾಗಲೇ ಪಿಯಾನೋ ಜೋರಾಗುತ್ತದೆ, ತಾಳ ಓಡಲು ಶುರುವಾಗುತ್ತದೆ, ಕರ್ರಿಯವರ ವಯೋಲ ಒಳಗೆ ನುಗ್ಗುತ್ತದೆ. ಮರೆತವನು ಹೀಗೆ ನುಡಿಸುವುದಿಲ್ಲ, ಅಲ್ವಾ?

ಆ ನಡುಭಾಗಕ್ಕೆ ಕರ್ರಿ ಅವರಿಗೆ ದಾರಿ ತೋರಿದ್ದು ಮಾಕ್ಸ್ ರೇಗರ್‌ನಂಥ ರೊಮ್ಯಾಂಟಿಕ್ ಕಾಲದ ಕೊನೆಯ ಸಂಗೀತಗಾರರು. ಅಂದರೆ ಈ ಊರಿನ ಹಳೆಯ ಸಂಗೀತಕ್ಕೆ ತೀರ ಹತ್ತಿರದ ಬಳಗ. ನನಗೆ ಅನ್ನಿಸುತ್ತಿದ್ದ ನಂಟು ಅದೇ. ಹೆಸರನ್ನು ಬದಲಿಸಿ ‘ಪ್ಯಾರಿಸ್’ ಅಂತ ಇಟ್ಟಿದ್ದರೂ ಆ ವಯೋಲ ಬಂದ ಕೂಡಲೇ ಕೇಳುಗ ಮಧ್ಯ ಯುರೋಪಿಗೇ ಬಂದು ನಿಲ್ಲುತ್ತಿದ್ದ.

ಒಪೆರಾ ಮುಂದೆ ನಿಂತಾಗ ಮೈಸೂರು ನೆನಪಾಯಿತು. ಅದಕ್ಕೊಂದು ಕಾರಣ ಇದೆ. ಸಂಗೀತಗಾರ ರಿಚರ್ಡ್ ಸ್ಟ್ರಾಸ್ 1919ರಿಂದ 1924ರವರೆಗೆ ಈ ಒಪೆರಾವನ್ನು ನಡೆಸಿದವರಲ್ಲಿ ಒಬ್ಬ. ಅವನು ಬರೆದ ಕೊನೆಯ ನಾಲ್ಕು ಹಾಡುಗಳು ಅವನು ತೀರಿಕೊಂಡ ಮೇಲೆ, 1950ರ ಮೇ ತಿಂಗಳಲ್ಲಿ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಸಲ ಕೇಳಿಬಂದವು. ಆ ಕಛೇರಿಗೆ ಹಣ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರ್. ವೀಣೆಯ ಮನೆಯಲ್ಲಿ ಬೆಳೆದವರು, ದೇವಿಯ ಮೇಲೆ ಕೃತಿಗಳನ್ನು ಕಟ್ಟಿದವರು, ಈ ಸಂಗೀತವನ್ನೂ ಅಷ್ಟೇ ಪ್ರೀತಿಸಿದರು. ಈ ವಿಷಯ ನಮ್ಮಲ್ಲಿ ಇನ್ನೂ ಜಾಸ್ತಿ ಜನಕ್ಕೆ ಗೊತ್ತಾಗಬೇಕು.

ಮರುದಿನ ಪ್ರಾಟರ್ ಪಾರ್ಕಿಗೆ ಹೋದೆ. ಅಲ್ಲಿ 1897ರಲ್ಲಿ ಕಟ್ಟಿದ ದೊಡ್ಡ ಚಕ್ರ ಇದೆ, ಸುಮಾರು 65 ಮೀಟರ್ ಎತ್ತರ. ಯುದ್ಧದಲ್ಲಿ ಸುಟ್ಟುಹೋಗಿ 1947ರಲ್ಲಿ ಮತ್ತೆ ತಿರುಗಿತು. ಮೊದಲು 30 ಪೆಟ್ಟಿಗೆಗಳಿದ್ದವು, ಈಗ 15. ‘ದಿ ಥರ್ಡ್ ಮ್ಯಾನ್’ ಸಿನಿಮಾ ನೋಡಿದವರಿಗೆ ಈ ಚಕ್ರ ಮರೆಯುವುದಿಲ್ಲ. ‘ವಿಯೆನ್ನಾ’ ಹಾಡಿನ ವೀಡಿಯೋಗೂ ಆ 1949ರ ಸಿನಿಮಾವೇ ಪ್ರೇರಣೆ. ಉದ್ದ ಕೋಟು, ಒದ್ದೆ ಬೀದಿ, ಕಪ್ಪು ಬಿಳುಪು ನೆರಳು. ಚಕ್ರದ ಮೇಲಿಂದ ಊರು ಚೆನ್ನಾಗಿ ಕಾಣುತ್ತದೆ. ಅದಕ್ಕಿಂತ ಹೆಚ್ಚು ಹೇಳಲು ಏನಿಲ್ಲ.

ವೀಡಿಯೋ ಕಥೆ ಮಾತ್ರ ಹೇಳುವಂಥದ್ದು. ರೆಕಾರ್ಡ್ ಕಂಪನಿ ಕ್ರಿಸಾಲಿಸ್‌ಗೆ ಈ ಹಾಡನ್ನು ಸಿಂಗಲ್ ಮಾಡಲು ಮನಸ್ಸಿರಲಿಲ್ಲ. ಐದು ನಿಮಿಷದ ಹತ್ತಿರ ಹೋಗುವ ಹಾಡು, ನಿಧಾನ, ಜೊತೆಗೆ ವಯೋಲ ಬೇರೆ. ರೇಡಿಯೋದವರು ಹಾಕುತ್ತಾರಾ ಅನ್ನುವ ಭಯ. ತಂಡ ಹಟ ಹಿಡಿಯಿತು. ವೀಡಿಯೋಗೆ ತಾವೇ ದುಡ್ಡು ಹೊಂದಿಸಿದರು. ನಿರ್ದೇಶಕ ರಸೆಲ್ ಮಲ್ಕಾಹಿ. ಸುಮಾರು ಅರ್ಧ ವೀಡಿಯೋ ತೆಗೆದದ್ದು ಲಂಡನ್ನಿನ ಕೋವೆಂಟ್ ಗಾರ್ಡನ್, ಕಿಲ್‌ಬರ್ನ್‌ನ ಹಳೆಯ ಥಿಯೇಟರ್, ಬಾಡಿಗೆಗೆ ಹಿಡಿದ ಒಂದು ಮನೆ, ಇಂಥ ಕಡೆ. ಉಳಿದದ್ದಕ್ಕೆ ಬೆಳಗಿನ ವಿಮಾನ ಹತ್ತಿ ವಿಯೆನ್ನಾಗೆ ಬಂದರು. ಚಳಿಗಾಲ. ನೆಚ್ಚಿಕೊಂಡಿದ್ದ ಎಷ್ಟೋ ಕಟ್ಟಡಗಳಿಗೆ ರಿಪೇರಿ ನಡೆಯುತ್ತಿತ್ತು. ಕೆಲವು ಬಾಗಿಲು ಹಾಕಿದ್ದವು, ಕೆಲವಕ್ಕೆ ಸಾರುವೆ ಕಟ್ಟಿದ್ದರು. ಟ್ಯಾಕ್ಸಿಯಲ್ಲಿ ಓಡಾಡಿ ಸಿಕ್ಕಿದ ಕಡೆ ಶೂಟ್ ಮಾಡಿ, ಕೊನೆಗೆ ಸ್ಮಶಾನಕ್ಕೆ ಬಂದರು. ಅದೇ ಜಾಗ ನನಗೂ ನೋಡಬೇಕಿತ್ತು.

71ನೇ ನಂಬರ್ ಟ್ರಾಮ್ ಶ್ವಾರ್ಟ್ಸೆನ್‌ಬರ್ಗ್‌ಪ್ಲಾಟ್ಸ್‌ನಿಂದ ನೇರ ಅಲ್ಲಿಗೆ ಹೋಗುತ್ತದೆ. ಯಾರಾದರೂ ತೀರಿಕೊಂಡರೆ ‘71 ಹತ್ತಿದ’ ಅನ್ನುವುದು ವಿಯೆನ್ನಾ ಜನರ ಮಾತು. ಟ್ರಾಮ್ ತುಂಬ ಹೂವು ಹಿಡಿದ ಅಜ್ಜಿಯರು, ಸ್ಕೂಲ್ ಬ್ಯಾಗಿನ ಮಕ್ಕಳು, ತರಕಾರಿ ಚೀಲಗಳು. ಎರಡನೇ ಗೇಟಿನಲ್ಲಿ ಇಳಿದರೆ ಎದುರಿಗೇ ಮುಖ್ಯ ಬಾಗಿಲು.

ಸೆಂಟ್ರಲ್‌ಫ್ರೀಡ್‌ಹೋಫ್ ಅನ್ನುವ ಈ ಸ್ಮಶಾನ ತೆರೆದದ್ದು 1874ರಲ್ಲಿ. ಸುಮಾರು ಎರಡೂವರೆ ಚದರ ಕಿಲೋಮೀಟರ್ ಜಾಗ. ಇಲ್ಲಿ ಮಣ್ಣಾದವರು ಸುಮಾರು 30 ಲಕ್ಷ, ಈಗ ಊರಲ್ಲಿ ಬದುಕಿರುವವರಿಗಿಂತ ಜಾಸ್ತಿ. ಒಳಗೆ ಬಸ್ಸೇ ಓಡುತ್ತದೆ. ಹಿಮ ತೆಳ್ಳಗೆ ಬಿದ್ದಿತ್ತು. ದೂರದಲ್ಲಿ ಕಾರ್ಲ್ ಬೊರೊಮೇಯಸ್ ಚರ್ಚಿನ ಗುಮ್ಮಟ, ಎರಡು ಬದಿಗೂ ಬೋಳು ಮರಗಳ ಸಾಲು.

ನಾನು ಹುಡುಕಿಕೊಂಡು ಬಂದದ್ದು ಕಾರ್ಲ್ ಶ್ವೈಘೋಫರ್ ಎಂಬುವನ ಸಮಾಧಿ. ಅವನು ವಿಯೆನ್ನಾದ ಹೆಸರಾಂತ ಪಿಯಾನೋ ತಯಾರಕ. ‘ವಿಯೆನ್ನಾ’ ಸಿಂಗಲ್‌ನ ಕವರ್ ಮೇಲೆ ಕಾಣುವ ಕಲ್ಲಿನ ಮನುಷ್ಯ ಇವನ ಸಮಾಧಿಯ ಪ್ರತಿಮೆ. ವೀಡಿಯೋದಲ್ಲೂ ಅದೇ ಬರುತ್ತದೆ. ಬಾಗಿಲ ಬಳಿಯ ಕಚೇರಿಯಲ್ಲಿ ಹೆಸರು ಬರೆದು ತೋರಿಸಿದೆ. ಅಲ್ಲಿದ್ದ ಹೆಂಗಸು ನಕ್ಷೆ ಮೇಲೆ ಪೆನ್ನಿನಿಂದ ಗುರುತು ಹಾಕಿ ಕೊಟ್ಟರು. ಈ ಹಾಡಿಗಾಗಿ ಜನ ಈಗಲೂ ಬರುತ್ತಾರಾ ಅಂತ ಕೇಳಿದೆ. ಬರುತ್ತಾರೆ, ಅದರಲ್ಲೂ ಇಂಗ್ಲಿಷರು, ಅಂದರು.

ಪ್ರತಿಮೆ ಮುಂದೆ ನಿಂತು ಫೋನಿನಲ್ಲಿ ಕವರ್ ಚಿತ್ರ ತೆಗೆದು ಪಕ್ಕಕ್ಕೆ ಹಿಡಿದೆ. ಅದೇ. ಇಷ್ಟು ವರ್ಷ ಒಂದು ಚೌಕದೊಳಗೆ ನೋಡಿದ್ದನ್ನು ಸುತ್ತ ನಡೆದು ನೋಡುವ ಸಂತೋಷವೇ ಬೇರೆ. ಇದಕ್ಕಿಂತ ಹೆಚ್ಚು ಮನಸ್ಸಿಗೆ ತಟ್ಟಿದ್ದು ಇನ್ನೊಂದು. ಸಿಂಥಸೈಜರ್ ಹೊಸ ಕಾಲದ ದನಿ ಅಂತ ಎಲ್ಲರೂ ಹೇಳುತ್ತಿದ್ದಾಗ ಈ ತಂಡ ತನ್ನ ಅತಿ ದೊಡ್ಡ ಹಾಡಿನ ಮುಖಕ್ಕೆ ಇಟ್ಟದ್ದು ಪಿಯಾನೋ ಮಾಡುವವನೊಬ್ಬನ ಸಮಾಧಿ. ಹಾಡಿಗೆ ಉಸಿರು ಕೊಟ್ಟದ್ದೂ ಪಿಯಾನೋವೇ. ಇಷ್ಟು ದೊಡ್ಡ ಸ್ಮಶಾನದಲ್ಲಿ ಬೇರೆ ಪ್ರತಿಮೆಗಳಿಗೆ ಬರವಿಲ್ಲ. ಆದರೂ ಸರಿಯಾದ ಮನುಷ್ಯನೇ ಸಿಕ್ಕಿದ್ದಾನೆ.

ಅಲ್ಲಿಂದ 32ಎ ವಿಭಾಗಕ್ಕೆ ನಡೆದೆ. ಬೇತೋವನ್, ಶೂಬರ್ಟ್, ಬ್ರಾಮ್ಸ್, ಯೋಹಾನ್ ಸ್ಟ್ರಾಸ್ ಎಲ್ಲ ಅಕ್ಕಪಕ್ಕ. ಬೇತೋವನ್ ಮತ್ತು ಶೂಬರ್ಟ್ ಮೊದಲು ವೇರಿಂಗ್ ಸ್ಮಶಾನದಲ್ಲಿದ್ದರು, 1888ರಲ್ಲಿ ಇಲ್ಲಿಗೆ ತಂದರು. ನಡುವೆ ಮೊಜಾರ್ಟ್‌ನ ಸ್ಮಾರಕ. ಅವನನ್ನು ಮಣ್ಣು ಮಾಡಿದ್ದು ಸೇಂಟ್ ಮಾರ್ಕ್ಸ್ ಸ್ಮಶಾನದಲ್ಲಿ, ಇಲ್ಲಿರುವುದು ಸ್ಮಾರಕ ಮಾತ್ರ. ಯಾರೋ ಶೂಬರ್ಟ್ ಮುಂದೆ ಮೇಣದ ಬತ್ತಿ ಹಚ್ಚಿಟ್ಟು ಹೋಗಿದ್ದರು. 31 ವರ್ಷ ಬದುಕಿದ ಮನುಷ್ಯ. ಅವನ ಮುಂದೆ ತುಂಬಾ ಹೊತ್ತು ನಿಂತೆ.

‘ವಿಯೆನ್ನಾ’ ಬ್ರಿಟನ್ನಿನಲ್ಲಿ ಹೆಚ್ಚು ಮಾರಾಟವಾದ ಹಾಡುಗಳ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿ ಅಲ್ಲೇ ನಾಲ್ಕು ವಾರ ನಿಂತಿತು. ಒಂದಕ್ಕೆ ಹೋಗಲೇ ಇಲ್ಲ. ಮೊದಲ ವಾರ ಮೇಲಿದ್ದದ್ದು ಜಾನ್ ಲೆನನ್ ಹಾಡು. 1980ರ ಡಿಸೆಂಬರ್‌ನಲ್ಲಿ ಲೆನನ್ ಕೊಲೆಯಾಗಿತ್ತು, ಇಡೀ ದೇಶ ಅವರನ್ನೇ ಕೇಳುತ್ತಿತ್ತು. ಉಳಿದ ಮೂರು ವಾರ ಮೇಲಿದ್ದದ್ದು ಜೋ ಡಾಲ್ಚೆ ಎಂಬುವರ ಒಂದು ತಮಾಷೆ ಹಾಡು. ಬ್ರಿಟನ್ನಿನ ಜನ ಇದನ್ನು ಇಂದಿಗೂ ಮರೆತಿಲ್ಲ. ಒಂದನೇ ಸ್ಥಾನ ತಪ್ಪಿದ ಹಾಡುಗಳಲ್ಲಿ ನಿಮಗೆ ಅತಿ ಇಷ್ಟವಾದದ್ದು ಯಾವುದು ಅಂತ ಬಿಬಿಸಿ ರೇಡಿಯೋ 2 ವರ್ಷಗಳ ನಂತರ ಕೇಳಿದಾಗ ಗೆದ್ದದ್ದು ‘ವಿಯೆನ್ನಾ’ನೇ. ಐರ್ಲೆಂಡ್, ನೆದರ್ಲೆಂಡ್ಸ್, ಬೆಲ್ಜಿಯಂಗಳಲ್ಲಿ ಅದು ಆಗಲೇ ಒಂದಕ್ಕೆ ಹೋಗಿತ್ತು. ಸಿಂಗಲ್ ಓಡಿದ ಮೇಲೆ ಆಲ್ಬಮ್ ಕೂಡ ಬ್ರಿಟನ್ನಿನಲ್ಲಿ ಮೂರನೇ ಸ್ಥಾನಕ್ಕೆ ಏರಿತು. ಮುಗಿದೇ ಹೋಯಿತು ಅಂದುಕೊಂಡಿದ್ದ ತಂಡಕ್ಕೆ ಅದು ಮರುಜನ್ಮ. ಕ್ರಿಸ್ ಕ್ರಾಸ್ 2024ರಲ್ಲಿ ತೀರಿಕೊಂಡರು. ಮಿಡ್ಜ್ ಯೂರ್ ಇವತ್ತಿಗೂ ವೇದಿಕೆ ಮೇಲೆ ಈ ಹಾಡು ಹಾಡುತ್ತಾರೆ.

ಈ ಸ್ಮಶಾನಕ್ಕೆ ಬಂದವರು 40ನೇ ವಿಭಾಗಕ್ಕೂ ಹೋಗಿ. ಫಾಲ್ಕೋ ಅಲ್ಲಿದ್ದಾನೆ. ವಿಯೆನ್ನಾದಲ್ಲೇ ಹುಟ್ಟಿದ ಹುಡುಗ, ಈ ಊರಿನ ಸ್ವಂತ ನ್ಯೂ ವೇವ್ ಗಾಯಕ, 1998ರಲ್ಲಿ ಅಪಘಾತದಲ್ಲಿ ಹೋದ. ಎತ್ತರದ ಕೆಂಪು ಕಲ್ಲು, ಪಕ್ಕದಲ್ಲಿ ಗಾಜಿನ ಫಲಕ, ಅದರ ಮೇಲೆ ಅವನ ಚಿತ್ರ. ಹೂವು, ಪತ್ರ, ಗೊಂಬೆಗಳು ರಾಶಿ ಬಿದ್ದಿದ್ದವು. ಬೇತೋವನ್ ಮುಂದೆ ಕಂಡದ್ದಕ್ಕಿಂತ ಜಾಸ್ತಿ. ಇವನು ಮೊಜಾರ್ಟ್ ಮೇಲೆ, ಅದೂ ಜರ್ಮನ್ ಭಾಷೆಯಲ್ಲಿ, ಒಂದು ಹಾಡು ಮಾಡಿದ. 1986ರಲ್ಲಿ ಅದು ಅಮೆರಿಕದಲ್ಲೂ ಒಂದನೇ ಸ್ಥಾನಕ್ಕೆ ಹೋಯಿತು, ಬ್ರಿಟನ್ನಿನಲ್ಲೂ ಹೋಯಿತು. ಬ್ರಿಟಿಷ್ ತಂಡ ಹಾಡಿದ ‘ವಿಯೆನ್ನಾ’ಕ್ಕೆ ಸಿಗದ ಜಾಗವನ್ನು ಐದು ವರ್ಷದ ನಂತರ ವಿಯೆನ್ನಾದವನೇ ಬಂದು ತೆಗೆದುಕೊಂಡ. ಚಳಿಗಾಲದಲ್ಲಿ ಗೇಟು ಬೇಗ ಮುಚ್ಚುತ್ತಾರೆ, ಬೆಳಿಗ್ಗೆಯೇ ಹೊರಡಿ. ಫಾಲ್ಕೋ ಹತ್ತಿರ ಹೋಗುವವರೆಗೆ ಸಮಯ ಉಳಿಸಿಕೊಳ್ಳಿ.