ನಿಡವಂದ ದಾಟುವಾಗ

ಹನ್ನೊಂದು ವರ್ಷದಿಂದ ನಾನು ಬೆಳಗಿನ ಪ್ಯಾಸೆಂಜರ್‌ನಲ್ಲಿ ತುಮಕೂರಿಂದ ಯಶವಂತಪುರಕ್ಕೆ ಓಡಾಡುತ್ತಿದ್ದೇನೆ. ಡಾಬಸ್‌ಪೇಟೆ ದಾಟಿ ನಿಡವಂದ ಬರುವಷ್ಟರಲ್ಲಿ ಬಲಗಡೆ ಕಿಟಕಿಯಲ್ಲಿ ಶಿವಗಂಗೆ ಬೆಟ್ಟ. ನನಗದು ಇಳಿಯೋಕೆ ಇನ್ನೂ ಮುಕ್ಕಾಲು ಗಂಟೆಯಿದೆ ಅನ್ನುವ ಗುರುತು, ಅಷ್ಟೇ ಆಗಿತ್ತು.

ಕಳೆದ ಅವರೆಕಾಯಿ ಕಾಲದಲ್ಲಿ, ಲೇಡೀಸ್ ಬೋಗಿಯಲ್ಲಿ ಎದುರಿಗೆ ಕೂತು ಕಾಯಿ ಸುಲಿಯುತ್ತಿದ್ದ ಆಂಟಿಯೊಬ್ಬರು ಚೀಲದಿಂದ ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಕಾದಂಬರಿ ತೆಗೆದು ಕೊಟ್ಟರು. “ಓದಮ್ಮ, ಆದಮೇಲೆ ಮರೀದೆ ವಾಪಸ್ ಕೊಡು.” ಕಿತ್ತುಬಂದ ರಟ್ಟನ್ನು ದಾರ ಹಾಕಿ ಹೊಲಿದಿದ್ದರು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಷಿಯಂ ನಡೆಸಿ, ಹುಡುಗರಿಗೆ ಅಂಗಸಾಧನೆ ಕಲಿಸಿದವರು ಅಯ್ಯರ್. ಹೆಣ್ಣುಮಕ್ಕಳ ಮನಸ್ಸನ್ನು ಅವರು ಇಷ್ಟು ಮೆತ್ತಗೆ ಮುಟ್ಟುತ್ತಾರೆ ಅಂದುಕೊಂಡಿರಲಿಲ್ಲ.

ಶಾಂತಲಾ, ಲಕ್ಷ್ಮಿ ಇಬ್ಬರೂ ಗೆಳತಿಯರು. ಇಬ್ಬರಿಗೂ ಮನಸ್ಸಾದವನು ಹೊಯ್ಸಳ ದೊರೆ ವಿಷ್ಣುವರ್ಧನನೇ. ಸ್ಕೂಲಿನಲ್ಲಿ ನಾನು ಬಾಯಿಪಾಠ ಮಾಡಿದ್ದು ಎರಡೇ ಇಸವಿ: 1116ರಲ್ಲಿ ಚೋಳರಿಂದ ತಲಕಾಡು ಗೆದ್ದದ್ದು, 1117ರಲ್ಲಿ ಬೇಲೂರಿನ ದೇವಸ್ಥಾನ. ಆ ಎರಡು ಇಸವಿಗಳ ನಡುವೆ ಒಬ್ಬಳು ಕಾದು ಕೂತಿದ್ದಿರಬಹುದು, ಇನ್ನೊಬ್ಬಳು ನೋವು ನುಂಗಿದ್ದಿರಬಹುದು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಶಾಂತಲೆ ಎಲ್ಲಿ ತೀರಿಕೊಳ್ಳುತ್ತಾಳೆ ಅನ್ನುವುದು ನನಗೆ ಮೊದಲೇ ಗೊತ್ತಿತ್ತು. ಹಾಗಾಗಿ ಅವಳು ನಕ್ಕ ಪುಟಗಳನ್ನೇ ಓದೋಕಾಗುತ್ತಿರಲಿಲ್ಲ. ಒಂದು ದಿನ ಸರಿಯಾಗಿ ನಿಡವಂದದಲ್ಲಿ ತಲೆಯೆತ್ತಿದೆ. ಬೆಟ್ಟ ಅಲ್ಲೇ ಇತ್ತು. ಪುಸ್ತಕ ಮುಚ್ಚಿಬಿಟ್ಟೆ.

ಬೆಟ್ಟದ ಮೇಲೊಂದು ಜಾಗಕ್ಕೆ ಜನ ‘ಶಾಂತಲಾ ಡ್ರಾಪ್’ ಅಂತಾರೆ. ಅವಳು ಅಲ್ಲಿಂದ ಹಾರಿದಳು ಅನ್ನುವುದು ಜನರ ಮಾತು. 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಅನ್ನುವುದು ಶಾಸನದ ಮಾತು.

ಅಷ್ಟಕ್ಕೇ ಸುಮ್ಮನಿರಲಾಗದೆ ಒಂದು ಭಾನುವಾರ ಶ್ರವಣಬೆಳಗೊಳಕ್ಕೆ ಹೋದೆ. ಎಲ್ಲರೂ ಗೊಮ್ಮಟನ ಬೆಟ್ಟ ಹತ್ತುತ್ತಿದ್ದರೆ ನಾನು ಎದುರಿನ ಚಂದ್ರಗಿರಿ ಹತ್ತಿದೆ. ಅಲ್ಲಿ 1123ರಲ್ಲಿ ಶಾಂತಲೆ ಕಟ್ಟಿಸಿದ ಬಸದಿಯ ಹೆಸರು ಸವತಿಗಂಧವಾರಣ. ಅವಳದೇ ಬಿರುದು ಅದು: ಸವತಿಯರ ಪಾಲಿಗೆ ಮದ್ದಾನೆ! ಕಾದಂಬರಿಯ ಶಾಂತಲೆ ಗೆಳತಿಗಾಗಿ ಜಾಗ ಬಿಟ್ಟುಕೊಟ್ಟವಳು, ಕಲ್ಲಿನ ಶಾಂತಲೆ ಸೊಂಡಿಲೆತ್ತಿ ನಿಂತವಳು. ಯಾರು ನಿಜ ಅಂತ ಆ ಬಿಸಿಲಲ್ಲಿ ತುಂಬಾ ಹೊತ್ತು ಯೋಚಿಸಿದೆ. ನನಗೆ ಇಬ್ಬರೂ ಬೇಕು. ಪ್ರೀತಿಸಿದವಳಿಗೆ ಬಿಟ್ಟುಕೊಡೋದೂ ಬರುತ್ತೆ, ಸಿಟ್ಟೂ ಬರುತ್ತೆ.

ಪುಸ್ತಕ ವಾಪಸ್ ಕೊಟ್ಟೆ. ಆಂಟಿ ಹೇಗಿತ್ತು ಅಂತ ಕೇಳಲಿಲ್ಲ, ನನ್ನ ಮುಖ ನೋಡಿದರು, ಚೀಲಕ್ಕೆ ಹಾಕಿಕೊಂಡರು. ಈಗ ಸಿ.ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲದೇವಿ’ ಶುರು ಮಾಡಿದ್ದೇನೆ. ಮೂರ್ತಿದೇವಿ ಪ್ರಶಸ್ತಿ ಬಂದ ದೊಡ್ಡ ಕೃತಿ, ಬೇಗ ಮುಗಿಯಲ್ಲ ಅನ್ನುವುದೇ ಸಮಾಧಾನ.

ಆದರೂ ಮನಸ್ಸು ಮಾಚಿಕಬ್ಬೆಯ ಹತ್ತಿರ ಹೋಗುತ್ತದೆ. ಶಾಂತಲೆಯ ತಾಯಿ. ಗಂಡ ಮಾರಸಿಂಗಯ್ಯ ಶಿವಭಕ್ತ, ಅವಳು ಜೈನಳು. ಮಗಳು ಹೋದಮೇಲೆ ಬೆಳಗೊಳಕ್ಕೆ ಬಂದು ಅನ್ನನೀರು ಬಿಟ್ಟು ಪ್ರಾಣ ಬಿಟ್ಟಳಂತೆ, ಅದೂ ಶಾಸನದಲ್ಲಿದೆ. ಅವಳ ಬಗ್ಗೆ ಯಾರಾದರೂ ಕಾದಂಬರಿ ಬರೆದಿದ್ದಾರಾ? ಗೊತ್ತಿದ್ದರೆ ದಯವಿಟ್ಟು ಹೇಳಿ.